ಟ್ರೇ ಅಡಿಯ ಚೀಟಿ

೯ ಜನವರಿ

ಮಾವನವರಿಗೆ,

ಹೀಗೆ ಕರೆಯಬಹುದೋ ಬಾರದೋ ಎಂದು ಎರಡು ಹಾಳೆ ಹರಿದು ಹಾಕಿದ ಮೇಲೆ, ಇರಲಿ ಎಂದುಕೊಂಡೆ. ನಿಮ್ಮ ಮಗನೂ ನಾನೂ ಬೇರೆಯಾಗಿ ಐದು ವರ್ಷವಾಯಿತು. ನಿಮ್ಮ ಜೊತೆ ಮಾತು ಬಿಟ್ಟು ಆರು ವರ್ಷ. ಈಗ ನಿಮಗೊಂದು ಹೊಸ ಹೆಸರು ಹುಡುಕಲು ನನ್ನಿಂದಾಗದು.

ಸುತ್ತಿ ಬಳಸಿ ಬರೆಯುವುದಿಲ್ಲ. ಇಲಿಮರಿಯ ಮಂಚದ ಬಗ್ಗೆ ಕೇಳಬೇಕಿತ್ತು. ಅವಳು ಹುಟ್ಟುವ ಮೊದಲೇ ಹಳೆಯ ಶಾಲೆಯ ಬೆಂಚುಗಳನ್ನು ಬಿಚ್ಚಿ ನೀವು ಮಾಡಿದ, ನಾಲ್ಕೂ ಕಡೆ ಕಟಕಟೆಯಿದ್ದ ಪುಟ್ಟ ಮಂಚ. ಹಲ್ಲು ಬಂದ ದಿನದಿಂದ ಅದರ ಮೇಲಿನ ಅಡ್ಡಪಟ್ಟಿಯನ್ನು ಕಡಿಯುತ್ತ ನಿಲ್ಲುತ್ತಿದ್ದಳೆಂದು ಇಲಿಮರಿ ಎಂದು ಕರೆದವರೂ ನೀವೇ. ಆಮೇಲೆ ನಾವೆಲ್ಲ ಹಾಗೇ ಕರೆದೆವು.

ಮೂರು ದಿನದ ಜ್ವರದಲ್ಲಿ ಅವಳು ಹೋದ ಮೇಲೆ, "ಇದನ್ನ ಏನಾದ್ರೂ ಮಾಡಿ, ನನ್ನ ಕಣ್ಣಿಗೆ ಬೀಳಬಾರದು" ಎಂದವಳು ನಾನು. ಒಪ್ಪುತ್ತೇನೆ. ಆದರೆ ಮೂರೇ ವಾರ ಕಳೆದು ನಿಮ್ಮ ಕೆಲಸದ ಕೋಣೆಗೆ ಬಂದಾಗ ಮೇಜಿನ ಮೇಲೆ ಮೂರು ಟ್ರೇ ಒಣಗುತ್ತಿದ್ದವು. ಆ ಮರದ ಬಣ್ಣ ನನಗೆ ಗೊತ್ತಿತ್ತು. ಅವತ್ತು ಬಾಯಿಗೆ ಬಂದಂತೆ ಅಂದು ಹೊರಟವಳು ಮತ್ತೆ ಆ ಬೀದಿಗೆ ಕಾಲಿಟ್ಟಿಲ್ಲ.

ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಅವಳ ಮೇಲಿನ ಹಲ್ಲುಗಳಲ್ಲಿ ಒಂದು ಒಳಕ್ಕೆ ವಾಲಿತ್ತು. ನಕ್ಕರೆ ಅದೊಂದೇ ನಾಚಿಕೊಂಡಂತೆ ಕಾಣುತ್ತಿತ್ತು. ಹೋದ ತಿಂಗಳು ನೆನಪು ಮಾಡಿಕೊಳ್ಳಲು ಹೋದರೆ ಅದು ಎಡಗಡೆಯದೋ ಬಲಗಡೆಯದೋ ಹೊಳೆಯಲಿಲ್ಲ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ದಿನವೆಲ್ಲ ಎಡಗಣ್ಣು ಬಲಗಣ್ಣು ಎಂದು ಬರೆಯುವವಳಿಗೆ ಹೆತ್ತ ಮಗಳ ಹಲ್ಲು ಯಾವ ಕಡೆಯದೆಂದು ಗೊತ್ತಿಲ್ಲ. ಫೋಟೋಗಳಲ್ಲಿ ಅವಳು ಬಾಯಿ ಬಿಟ್ಟಿಲ್ಲ. ಕ್ಯಾಮೆರಾ ಕಂಡರೆ ತುಟಿ ಬಿಗಿದುಕೊಳ್ಳುತ್ತಿದ್ದಳು. ಅವಳ ಹಲ್ಲು ಈ ಲೋಕದಲ್ಲಿ ಉಳಿದಿರುವುದು ಆ ಪಟ್ಟಿಯ ಮೇಲೆ ಮಾತ್ರ.

ಆ ತುಂಡು ಎಲ್ಲಾದರೂ ಇದೆಯೇ? ನನಗೆ ಬೇರೇನೂ ಬೇಡ.

ಇತಿ,
ಕನ್ನಡಕದ ಅಂಗಡಿಯಿಂದ


೨೧ ಜನವರಿ

ಸೊಸೆಗೆ,

ಮಾವ ಎಂದು ಬರೆದಿದ್ದೀಯ, ನನಗೆ ಅಷ್ಟು ಸಾಕು. ನನ್ನ ಮಗ ನಿನಗೆ ಗಂಡನಾಗಿ ಉಳಿಯಲಿಲ್ಲ, ಅದು ಅವನ ಪಾಡು. ನನ್ನನ್ನು ಮಾವನ ಕೆಲಸದಿಂದ ಯಾರೂ ತೆಗೆದಿಲ್ಲ.

ನಿನ್ನ ಕಾಗದ ಬಂದು ವಾರವಾಯಿತು. ಉತ್ತರ ಗೊತ್ತಿದ್ದೂ ಬರೆಯಲು ಕೈ ಏಳಲಿಲ್ಲ. ಹೇಳಿಬಿಡುತ್ತೇನೆ. ಇಲಿಮರಿ ಕಚ್ಚಿದ ಮರ ನನ್ನ ಹತ್ತಿರ ಇಲ್ಲ. ಮಾರಿಬಿಟ್ಟೆ.

ನನ್ನ ಕೆಲಸದ ರೀತಿ ನಿನಗೆ ಗೊತ್ತು. ಹಳೆಯ ಕಪಾಟಿನ ಬಾಗಿಲಾಗಲಿ, ಕನ್ನಡಿಯ ಚೌಕಟ್ಟಾಗಲಿ, ಹೊಲಿಗೆ ಯಂತ್ರದ ಡ್ರಾಯರಾಗಲಿ, ಟ್ರೇ ಮಾಡುವಾಗ ಹಳೆಯದರ ಒಂದು ಗುರುತನ್ನು ಉಜ್ಜದೆ ಬಿಡುತ್ತೇನೆ. ಒಂದು ಬೀಗದ ಕಣ್ಣೋ, ಒಂದು ಶಾಯಿಯ ಕಲೆಯೋ. ಆಮೇಲೆ ಅಡಿಯಲ್ಲೊಂದು ಚೀಟಿ ಅಂಟಿಸಿ, "ಮೊದಲು" ಎಂದು ಬರೆದು, ಅದು ಮೊದಲು ಏನಾಗಿತ್ತೋ ಅದನ್ನು ಬರೆಯುತ್ತೇನೆ. ಜನ ಟ್ರೇಯ ಚೆಂದಕ್ಕಿಂತ ಮೊದಲು ಆ ಚೀಟಿ ಓದುತ್ತಾರೆ. ನಲವತ್ತು ವರ್ಷದಲ್ಲಿ ಆ ಚೀಟಿಯ ಮೇಲೆ ನಾನು ಸುಳ್ಳು ಬರೆದದ್ದು ಒಂದೇ ಸಲ.

ಮಂಚದಿಂದ ಮೂರು ಟ್ರೇ ಆದವು. ಮೇಲಿನ ಅಡ್ಡಪಟ್ಟಿಯನ್ನು ಆರು ತುಂಡು ಮಾಡಿ ಹಿಡಿಗಳನ್ನಾಗಿ ಮಾಡಿದೆ. ಹಲ್ಲಿನ ಗುರುತಿದ್ದದ್ದು ಒಂದು ತುಂಡಿನಲ್ಲಿ ಮಾತ್ರ. ಉಜ್ಜುಕಾಗದ ಹಿಡಿದು ಇಡೀ ಮಧ್ಯಾಹ್ನ ಅದರ ಮುಂದೆ ಕೂತಿದ್ದೆ, ಕೈ ಬರಲಿಲ್ಲ. ಹಾಗೇ ಪಾಲಿಶ್ ಹಾಕಿ, ಗುರುತು ಒಳಗಡೆಗೆ, ಬೆರಳು ತಾಗುವ ಕಡೆಗೆ ತಿರುಗಿಸಿ ಕೂರಿಸಿದೆ. ಆಮೇಲೆ ಚೀಟಿಯ ಸರದಿ. ತೀರಿಹೋದ ಮಗುವಿನ ಮಂಚ ಎಂದು ಬರೆದರೆ ಯಾರು ತಾನೇ ಅದರಲ್ಲಿ ತಿಂಡಿ ಇಟ್ಟುಕೊಂಡು ತಿಂದಾರು? ಮೂರರ ಅಡಿಗೂ "ಮೊದಲು: ಮೆಟ್ಟಿಲ ಕಟಕಟೆ" ಎಂದು ಬರೆದೆ. ಪಕ್ಕದ ಗಾಜಿನ ಅಂಗಡಿಯ ಕಿಟಕಿಯಲ್ಲಿ ಇಟ್ಟೆ. ಎರಡು ವಾರದಲ್ಲಿ ಮೂರೂ ಹೋದವು. ಯಾರು ಕೊಂಡರೆಂದು ನಾನೂ ಕೇಳಲಿಲ್ಲ, ಅಂಗಡಿಯವನೂ ಹೇಳಲಿಲ್ಲ.

ಎಡವೋ ಬಲವೋ ನನಗೂ ನೆನಪಿಲ್ಲ ಮಗಳೇ. ಒಂದು ಕಡೆ ಹೇಳಿಬಿಡೋಣ, ನಿನಗೆ ಸಮಾಧಾನವಾಗಲಿ ಎನಿಸಿತ್ತು. ಆದರೆ ಒಂದು ಸುಳ್ಳಿನ ಪಾಡೇ ಇಷ್ಟಾಗಿದೆ.

ನಿನ್ನ,
ಮಾವ


೨ ಫೆಬ್ರವರಿ

ಮಾವನವರಿಗೆ,

ಮೆಟ್ಟಿಲ ಕಟಕಟೆ!

ಮಾರಿದ್ದಕ್ಕೆ ನನಗೆ ಕೋಪವಿಲ್ಲ. ಇತ್ತು, ಈಗ ಇಲ್ಲ. ಆರು ವರ್ಷದಿಂದ ನಾನೊಂದು ವಿಷಯ ಅಂದುಕೊಂಡು ಬಂದಿದ್ದೆ. ಎಲ್ಲೋ ಯಾರದೋ ಮನೆಯಲ್ಲಿ ಯಾರೋ ಒಬ್ಬರು ಟ್ರೇ ತೊಳೆಯುವಾಗ ತಿರುಗಿಸಿ ನೋಡುತ್ತಾರೆ, "ಅಯ್ಯೋ, ಪಾಪುವಿನ ಮಂಚವಂತೆ ಕಣ್ರೀ" ಎನ್ನುತ್ತಾರೆ, ಒಂದು ಗಳಿಗೆ ಅವಳ ವಿಷಯ ಯೋಚಿಸುತ್ತಾರೆ ಎಂದು. ನಿಮ್ಮ ಚೀಟಿಯ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು. ನಿಮ್ಮ ಮಗನ ಜೊತೆ, ನಿಮ್ಮ ಜೊತೆ, ಎಲ್ಲರ ಜೊತೆ ಜಗಳವಾಡಿಕೊಂಡು ಬಂದಾಗಲೂ ಆ ಚೀಟಿ ಇದೆ ಎಂದುಕೊಂಡಿದ್ದೆ.

ಹದಿಮೂರು ತಿಂಗಳು ಬದುಕಿದ್ದವಳು. ಅವಳು ಇದ್ದಳೆಂದು ಬರೆದಿಡಲು ಎಷ್ಟು ಜಾಗ ಬೇಕಿತ್ತು? ಅಂಗೈಯಗಲದ ಕಾಗದ. ಅದರಲ್ಲೂ ಅವಳನ್ನು ಮೆಟ್ಟಿಲು ಮಾಡಿದಿರಿ.

ಹುಡುಕಿಕೊಡಿ. ಸಿಗುವ ತನಕ ಬೇರೆ ವಿಷಯ ಬರೆಯಬೇಡಿ.

ಇತಿ


೧೯ ಮಾರ್ಚ್

ಸೊಸೆಗೆ,

ಬೇರೆ ವಿಷಯ ಬರೆಯಬೇಡ ಎಂದಿದ್ದೀಯ. ಆದ್ದರಿಂದ ನನ್ನ ಮೊಣಕಾಲು ನೋವಿನ ಸುದ್ದಿ ಎತ್ತುವುದಿಲ್ಲ.

ಗಾಜಿನ ಅಂಗಡಿಯವನನ್ನು ಪೀಡಿಸಿದೆ. ನಿನ್ನೆ ಏನು ಮಾರಿದನೆಂದೇ ಅವನಿಗೆ ನೆನಪಿರುವುದಿಲ್ಲ. ಕೊನೆಗೆ ಅವನ ಕಿಟಕಿಗೆ ಒಂದು ಕಾಗದ ಅಂಟಿಸಿದೆ: "ಅಡಿಯಲ್ಲಿ 'ಮೆಟ್ಟಿಲ ಕಟಕಟೆ' ಎಂಬ ಚೀಟಿ ಇರುವ ಟ್ರೇ ಯಾರ ಮನೆಯಲ್ಲಾದರೂ ಇದ್ದರೆ ಪಕ್ಕದ ಬಡಗಿಗೆ ತೋರಿಸಿ. ಬದಲಿಗೆ ನಿಮಗೆ ಇಷ್ಟವಾದ ಟ್ರೇ ಮಾಡಿಕೊಡುತ್ತೇನೆ." ಸುಳ್ಳನ್ನು ಹುಡುಕಲು ಅದೇ ಸುಳ್ಳನ್ನು ಮತ್ತೊಮ್ಮೆ, ಅದೂ ದೊಡ್ಡ ಅಕ್ಷರದಲ್ಲಿ ಬರೆಯಬೇಕಾಯಿತು.

ಮೊದಲು ಸಿಕ್ಕಿದ್ದು ಬೀದಿಯ ಕೊನೆಯ ದರ್ಜಿಯ ಬಳಿ. ಅದರಲ್ಲಿ ಅವನು ಗುಂಡಿಗಳನ್ನು ಹರಡಿಕೊಂಡಿದ್ದ. ತಿರುಗಿಸಿ ನೋಡಲು ಬಿಡಲಿಲ್ಲ. "ಸ್ವಲ್ಪ ತಡ್ಕೊಳ್ಳಿ, ಬಣ್ಣ ಬಣ್ಣದ್ದು ಬೇರೆ ಮಾಡ್ಕೋತೀನಿ" ಎಂದು ಒಂದು ಗಂಟೆ ಕೂರಿಸಿದ. ನಾನೂ ಕೂತು ಬಿಳಿ ಗುಂಡಿ ಆರಿಸಿಕೊಟ್ಟೆ. ಕೊನೆಗೆ ನೋಡಿದರೆ ಎರಡು ಹಿಡಿಯೂ ನುಣ್ಣಗಿದ್ದವು.

ಎರಡನೆಯದರ ಸುದ್ದಿ ಹೇಳಲು ಮನಸ್ಸಿಲ್ಲ, ಆದರೆ ಇನ್ನು ಮುಚ್ಚಿಡುವುದಿಲ್ಲ. ಒಬ್ಬ ಹೆಂಗಸು ಕಾಗದ ಓದಿ ಒಳಗೆ ಬಂದು, "ನಮ್ಮನೇಲಿತ್ತು, ಮೇಲಿಂದ ಬಿದ್ದು ಒಡೆದ್ಹೋಯ್ತು, ಎಸೆದ್ಬಿಟ್ವಿ" ಎಂದರು. ಹಿಡಿಯ ಮೇಲೆ ಏನಾದರೂ ಗುರುತಿತ್ತೇ ಎಂದೆ. "ಅಷ್ಟೆಲ್ಲ ಯಾರು ನೋಡ್ತಾರಪ್ಪಾ" ಎಂದರು. ಉಳಿದದ್ದು ಒಂದು. ಅದು ಸಿಕ್ಕರೂ ಅದೇ ಆಗಿರಬೇಕೆಂದಿಲ್ಲ.

ಇನ್ನೊಂದು ಮಾತು. ಇದು ಬೇರೆ ವಿಷಯವಲ್ಲ. ನಿನ್ನ ಕಣ್ಣಿಗೆ ಬೀಳಬಾರದೆಂದು ಮಂಚ ಬಿಚ್ಚಿದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ನಿಜವಾಗಿ ಅದು ನನ್ನ ಕಣ್ಣಿಗೆ ಬೀಳಬಾರದಿತ್ತು. ಆ ಜ್ವರದ ಮೂರನೆಯ ದಿನ ನಾನು ಅದರ ಪಕ್ಕ ನೆಲದ ಮೇಲೆ ಕೂತಿದ್ದೆ, ಕಟಕಟೆಯ ಸಂದಿಯಲ್ಲಿ ಕೈ ತೂರಿಸಿ ಅವಳ ಕಾಲು ಹಿಡಿದುಕೊಂಡು. ಆಮೇಲೆ ಆ ಸಂದಿ ಕಂಡರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಗರಗಸ ಆಡಿಸುತ್ತಿದ್ದರೆ ಬೇರೇನೂ ಕೇಳಿಸುವುದಿಲ್ಲ. ನಿನ್ನ ಮಾತು ನನಗೊಂದು ನೆಪವಾಯಿತು.

ನಿನ್ನ,
ಮಾವ


೩೦ ಮಾರ್ಚ್

ಮಾವನವರಿಗೆ,

ಮೊಣಕಾಲಿನ ವಿಷಯ ಬರೆಯಬಹುದು.

ನೀವು ಅವಳ ಕಾಲು ಹಿಡಿದುಕೊಂಡಿದ್ದು ನನಗೆ ಗೊತ್ತಿರಲಿಲ್ಲ. ಆ ಹೊತ್ತು ನಾನು ಅಡುಗೆಮನೆಯಲ್ಲಿ ಒದ್ದೆ ಬಟ್ಟೆ ಹಿಂಡುತ್ತಿದ್ದೆ. ಇಷ್ಟು ವರ್ಷ, ನಾನು ಆಚೆ ಹೋದಾಗ ಅವಳು ಒಬ್ಬಳೇ ಇದ್ದಳು ಎಂದುಕೊಂಡಿದ್ದೆ. ಆ ದಿನದ ಬಗ್ಗೆ ನಾವು ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ನನ್ನ ವಿಷಯ ಹೇಳುವಂಥದ್ದೇನೂ ಇಲ್ಲ. ಅಂಗಡಿಯ ಮೇಲಿನ ಮೂರನೆಯ ಮಹಡಿಯಲ್ಲಿ ಒಂದು ಕೋಣೆ. ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ. ಯಾರೂ ಬರುವುದಿಲ್ಲ, ಬರುವ ಹಾಗೆ ನಾನೂ ಇಟ್ಟುಕೊಂಡಿಲ್ಲ. ಎರಡನೆಯ ಕುರ್ಚಿ ತಂದರೆ ಅದರಲ್ಲಿ ಯಾರಾದರೂ ಕೂತು, ಮಕ್ಕಳೆಷ್ಟು ಎಂದು ಕೇಳುತ್ತಾರೆ. ಒಬ್ಬಳು ಎನ್ನಬೇಕೋ ಇಲ್ಲ ಎನ್ನಬೇಕೋ ನನಗೆ ಇನ್ನೂ ತಿಳಿದಿಲ್ಲ.

ಮೂರನೆಯದು ಸಿಕ್ಕಿದರೆ ತಿಳಿಸಿ. ಸಿಗದಿದ್ದರೂ ತಿಳಿಸಿ.

ಇತಿ,
ಕನ್ನಡಕದ ಅಂಗಡಿಯಿಂದ


೬ ಮೇ

ಸೊಸೆಗೆ,

ಸಿಕ್ಕಿತು. ಅದೇ.

ಈಗ ನಿಧಾನವಾಗಿ ಕೂತು ಓದು. ನಿನ್ನೆ ಬೆಳಿಗ್ಗೆ ನಾನು ಗಡಿಯಾರದ ಹಲಗೆಯೊಂದಕ್ಕೆ ಅಂಟು ಹಚ್ಚುತ್ತಿದ್ದೆ. ಕಂಕುಳಲ್ಲಿ ಟ್ರೇ ಇರುಕಿಕೊಂಡು ಒಬ್ಬ ಹೆಂಗಸು ಬಾಗಿಲಲ್ಲಿ ನಿಂತರು. ಜಗಳಕ್ಕೆ ಬಂದವರ ಹಾಗಿದ್ದರು.

"ಮೆಟ್ಟಿಲ ಕಟಕಟೆ ಅಂತ ಬರೆದವರು ಯಾರು? ನೀವೇನಾ?"

ಹೌದೆಂದೆ.

"ಆರು ವರ್ಷದಿಂದ ನಿಮ್ಮನ್ನ ಹಿಡೀಬೇಕು ಅಂತಿದ್ದೆ. ಇದು ಮೆಟ್ಟಿಲ ಕಟಕಟೆ ಅಲ್ಲ ರೀ."

"ಅದು ನಿಮಗೆ ಹೇಗೆ ಗೊತ್ತು?"

"ನಾನು ಹಲ್ಲಿನ ಡಾಕ್ಟರು. ಇವು ಹಾಲುಹಲ್ಲು. ಒಂದು ದಿನ ಕಚ್ಚಿದ್ದಲ್ಲ, ತಿಂಗಳುಗಟ್ಟಲೆ ನಿಂತು ಅದೇ ಜಾಗ ಕಚ್ಚಿದೆ ಮಗು. ಮೆಟ್ಟಿಲ ಹತ್ರ ಯಾರು ರೀ ಅಷ್ಟು ಚಿಕ್ಕ ಮಗೂನ ದಿನಾ ನಿಲ್ಲಿಸ್ತಾರೆ? ಇದು ಮಗು ಮಂಚ. ನಿಜ ತಾನೇ?"

ನಲವತ್ತು ವರ್ಷದಲ್ಲಿ ಚೀಟಿಯನ್ನು ಯಾರೂ ಪ್ರಶ್ನಿಸಿರಲಿಲ್ಲ. ಎಲ್ಲ ಹೇಳಿದೆ. ಅವರ ಜೋರೆಲ್ಲ ಇಳಿಯಿತು, ಮರದ ಹೊಟ್ಟು ತುಂಬಿದ್ದ ಸ್ಟೂಲಿನ ಮೇಲೆ ಹಾಗೇ ಕೂತುಬಿಟ್ಟರು.

ಟ್ರೇಯನ್ನು ಅವರಿಗೆ ಯಾರೋ ರೋಗಿ ಉಡುಗೊರೆ ಕೊಟ್ಟಿದ್ದಂತೆ. ಅದನ್ನು ಎಲ್ಲಿಟ್ಟಿದ್ದರು ಗೊತ್ತೇ? ಅವರ ಕುರ್ಚಿಯ ಪಕ್ಕದಲ್ಲಿ. ಹೆದರಿ ಬಾಯಿ ಬಿಗಿದುಕೊಳ್ಳುವ ಮಕ್ಕಳು ಬಂದರೆ ಈ ಹಿಡಿಯನ್ನು ತೋರಿಸಿ, "ನೋಡು, ನಿನಗಿಂತ ಚಿಕ್ಕೋಳು ಯಾರೋ ಮರಾನೇ ಕಡಿದಿದ್ದಾಳೆ, ನಿನ್ನ ಹಲ್ಲು ಇಷ್ಟು ಗಟ್ಟಿ ಇದೆಯಾ?" ಎನ್ನುತ್ತಿದ್ದರಂತೆ. ಮಕ್ಕಳು ಕೂಡಲೇ ಬಾಯಿ ತೆರೆಯುತ್ತಿದ್ದವಂತೆ. "ಚಿಕ್ಕೋಳು" ಎಂದು ಏಕೆ ಹೇಳುತ್ತಿದ್ದಿರಿ, ಹೆಣ್ಣೆಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಗೊತ್ತಿರಲಿಲ್ಲ, ಸುಮ್ಮನೆ ಹಾಗನಿಸಿತ್ತು ಎಂದರು.

ಎಡವೋ ಬಲವೋ ನಾನು ಕೇಳಲಿಲ್ಲ. ಅದು ಮೊದಲು ನಿನಗೆ ತಿಳಿಯಬೇಕಾದ್ದು. ಅವರೇ ನಿನಗೆ ಬರೆಯುತ್ತಾರೆ. ಟ್ರೇಯನ್ನೂ ಕೊಡುತ್ತೇನೆಂದರು.

ನಾನೇ ತಂದುಕೊಡಲೇ?

ನಿನ್ನ,
ಮಾವ


೮ ಮೇ

ಇಲಿಮರಿಯ ತಾಯಿಗೆ,

ನಿಮ್ಮ ಮಾವ ಎಲ್ಲ ಹೇಳಿದರು. ಹಿಡಿಯನ್ನು ದೀಪದ ಕೆಳಗಿಟ್ಟು, ಭೂತಗನ್ನಡಿ ಹಿಡಿದು, ಎರಡು ಸಲ ನೋಡಿ ಬರೆಯುತ್ತಿದ್ದೇನೆ.

ಮೇಲೆ ನಾಲ್ಕು, ಕೆಳಗೆ ಎರಡು ಹಲ್ಲು. ಮೇಲಿನ ಸಾಲಿನಲ್ಲಿ ಅವಳ ಎಡಗಡೆಯ ಎರಡನೆಯ ಹಲ್ಲು ಒಳಕ್ಕೆ ವಾಲಿದೆ. ಅವಳ ಎಡ. ಎದುರಿಗೆ ಕೂತು ನೋಡುತ್ತಿದ್ದ ನಿಮಗೆ ಅದು ಬಲಗಡೆ ಕಾಣುತ್ತಿತ್ತು. ಆದ್ದರಿಂದ ನಿಮಗೆ ಗೊಂದಲವಾದದ್ದು ಮರೆವಲ್ಲ. ಎದುರಿಗಿದ್ದವರ ಎಡಬಲ ನನಗೂ ಎಷ್ಟೋ ಸಲ ತಪ್ಪುತ್ತದೆ, ಅದೂ ಹಲ್ಲು ಕೀಳುವ ಕೆಲಸದಲ್ಲಿ. ಇದನ್ನು ಯಾರಿಗೂ ಹೇಳಬೇಡಿ.

ಇನ್ನೊಂದು ವಿಷಯವೂ ತಿಳಿಯಿತು. ಅವಳ ಬಲಗಡೆಯ ಗುರುತುಗಳು ಹೆಚ್ಚು ಆಳವಾಗಿವೆ. ಅವಳು ತಲೆ ಓರೆ ಮಾಡಿಕೊಂಡು ಕಚ್ಚುತ್ತಿದ್ದಿರಬೇಕು.

ಟ್ರೇ ನಿಮ್ಮದು. ಕೊಡುವ ಮೊದಲು ಆ ಗುರುತಿನ ಅಚ್ಚೊಂದನ್ನು ಪ್ಲಾಸ್ಟರಿನಲ್ಲಿ ತೆಗೆದಿಟ್ಟುಕೊಳ್ಳಲು ಅಪ್ಪಣೆ ಕೊಡುತ್ತೀರಾ? ಹೆದರುವ ಮಕ್ಕಳು ಇನ್ನೂ ಬರುತ್ತಾರೆ.

ವಿಶ್ವಾಸದಿಂದ,
ಹಲ್ಲಿನ ವೈದ್ಯೆ


೧೫ ಮೇ

ಮಾವನವರಿಗೆ,

ಎಡ.

ವೈದ್ಯೆಯ ಕಾಗದವನ್ನು ಅಂಗಡಿಯಲ್ಲೇ ಓದಿದೆ. ಗಿರಾಕಿಯೊಬ್ಬರು ಅಕ್ಷರದ ಹಲಗೆಯ ಮುಂದೆ ಕೂತಿದ್ದರು. "ಎಡಗಣ್ಣು ಮುಚ್ಚಿಕೊಳ್ಳಿ" ಎಂದೆ. ಅಷ್ಟಕ್ಕೇ ಬಿಟ್ಟು ಒಳಗೆ ಹೋದೆ. ಅವರು ಪಾಪ, ನಾನು ಮುಖ ತೊಳೆದುಕೊಂಡು ಬರುವ ತನಕ ಒಂದು ಕಣ್ಣು ಮುಚ್ಚಿಕೊಂಡೇ ಕೂತಿದ್ದರು.

ತಲೆ ಓರೆ ಮಾಡುತ್ತಿದ್ದಳು, ನಿಜ. ಬಾಗಿಲ ಕಡೆ ಒಂದು ಕಣ್ಣಿಟ್ಟು ಕಡಿಯುತ್ತಿದ್ದಳು, ನಾನು ಬಂದು ಗದರಿಸುತ್ತೇನೆಂದು. ಅದನ್ನೂ ಮರೆತಿದ್ದೆ. ಈಗ ಕತ್ತು ಸಮೇತ ಕಾಣುತ್ತಿದ್ದಾಳೆ.

ಅಚ್ಚು ತೆಗೆದುಕೊಳ್ಳಿ ಎಂದು ವೈದ್ಯೆಗೆ ಬರೆದಿದ್ದೇನೆ. ಆರು ವರ್ಷ ಇಲಿಮರಿ ಎಷ್ಟೋ ಮಕ್ಕಳ ಬಾಯಿ ತೆರೆಸಿದ್ದಾಳೆ, ನನಗೆ ಮಾತ್ರ ತಿಳಿದಿರಲಿಲ್ಲ.

ನೀವು ಬರಬೇಡಿ. ಪಾರ್ಸೆಲ್ ಮಾಡಿ. ನಿಮ್ಮ ಮುಖ ನೆನೆದರೆ ಮೇಜಿನ ಮೇಲೆ ಒಣಗುತ್ತಿದ್ದ ಆ ಮೂರು ಟ್ರೇ ಈಗಲೂ ಕಾಣುತ್ತವೆ. ಕಠಿಣವಾಗಿ ಬರೆದೆ ಎಂದುಕೊಳ್ಳಬೇಡಿ. ಇದ್ದದ್ದನ್ನು ಬರೆದೆ.

ಇತಿ,
ಇಲಿಮರಿಯ ತಾಯಿ


೨೪ ಮೇ

ಸೊಸೆಗೆ,

ಬರುವುದಿಲ್ಲ. ಪಾರ್ಸೆಲಿನ ಜೊತೆ ಈ ಕಾಗದ.

ಹಳೆಯ ಹೊದಿಕೆಯಲ್ಲಿ ಸುತ್ತಿದ್ದೇನೆ, ಬಿಚ್ಚುವಾಗ ಕತ್ತರಿ ಹಾಕಬೇಡ. ತಳದ ಹಲಗೆಯ ಮೇಲಿನ ಶಾಯಿಯ ಕಲೆ ಬೆಂಚಿನದು, ಮಂಚದಲ್ಲೂ ಇತ್ತು, ನಿನಗೆ ನೆನಪಿರಬಹುದು. ಮೂಲೆಗಳ ಹಿತ್ತಾಳೆ ಯಾರದೋ ಟ್ರಂಕಿನದು. ಒಂದು ಮೂಲೆ ಸಡಿಲವಾಗಿತ್ತು, ಮೊಳೆ ಬದಲಾಯಿಸಿದೆ. ಬೇರೆ ಎಲ್ಲೂ ಕೈ ಹಾಕಿಲ್ಲ. ಕಟ್ಟುವ ಮೊದಲು ಒಂದು ಸಲ ಮಾತ್ರ ಎಡಗಡೆಯ ಗುರುತಿನ ಮೇಲೆ ಬೆರಳಿಟ್ಟು ನೋಡಿದೆ.

ಸುಳ್ಳು ಚೀಟಿಯನ್ನು ಒದ್ದೆ ಬಟ್ಟೆಯಿಂದ ನೆನೆಸಿ ತೆಗೆದೆ. ಗೋಂದು ಗಟ್ಟಿಯಿತ್ತು, ಬಿಡಲು ಬಹಳ ಹೊತ್ತು ಹಿಡಿಯಿತು. ಹೊಸ ಚೀಟಿ ಅಂಟಿಸಿದ್ದೇನೆ, ಖಾಲಿ. ಬರೆಯಲು ನಾಲ್ಕು ಸಲ ಕೂತೆ. ಅದನ್ನು ಬರೆಯುವ ಹಕ್ಕು ನಾನು ಕಳೆದುಕೊಂಡಿದ್ದೇನೆ ಅನಿಸಿತು. ನಿನ್ನ ಅಕ್ಷರದಲ್ಲಿರಲಿ. ಏನೂ ಬರೆಯದೆ ಬಿಟ್ಟರೂ ಸರಿಯೇ.

ನೀರಲ್ಲಿ ನೆನೆಹಾಕಬೇಡ. ಗೋಡೆಗೆ ತೂಗುಹಾಕಬೇಡ. ಅದು ಟ್ರೇ, ಕೈಯಲ್ಲಿ ಓಡಾಡಬೇಕು.

ಮೊಣಕಾಲು ಹಾಗೇ ಇದೆ.

ನಿನ್ನ,
ಮಾವ


೩೦ ಜೂನ್

ಮಾವನವರಿಗೆ,

ಪಾರ್ಸೆಲ್ ಬಂದು ತಿಂಗಳಾಯಿತು. ನೀವು ದಿನಾ ಅಂಚೆಯವನ ದಾರಿ ಕಾಯುತ್ತಿದ್ದಿರಿ ಎಂದು ಗೊತ್ತು. ತಡಮಾಡಿದ್ದು ಬೇಕೆಂದಲ್ಲ. ಒಂಬತ್ತು ದಿನ ಗಂಟು ಬಿಚ್ಚಲಿಲ್ಲ, ಅದರ ಪಕ್ಕದಲ್ಲೇ ಊಟ ಮಾಡಿದೆ, ಮಲಗಿದೆ. ಹತ್ತನೆಯ ದಿನ ಭಾನುವಾರ, ಬಿಚ್ಚಿದೆ. ಬೆರಳು ತಾನಾಗಿ ಆ ಜಾಗಕ್ಕೆ ಹೋಯಿತು. ನೀವು ಕೂರಿಸಿದ ರೀತಿಯೇ ಹಾಗಿದೆ, ಹಿಡಿದವರ ಬೆರಳು ಬೇರೆಲ್ಲೂ ಹೋಗಲಾರದು. ಆ ದಿನ ಸಂಜೆಯವರೆಗೂ ನಾನು ಅದನ್ನು ಕೆಳಗಿಡಲಿಲ್ಲ. ಅತ್ತುಬಿಟ್ಟೆ ಕೂಡ. ಆರು ವರ್ಷದ್ದು ಒಟ್ಟಿಗೆ ಬಂತು.

ಮರುದಿನ ನೀವು ಹೇಳಿದ ಹಾಗೆ ಬಳಸಲು ನೋಡಿದೆ. ಒಂದು ಲೋಟ ಚಹಾ ಅದರಲ್ಲಿಟ್ಟುಕೊಂಡು ಒಲೆಯಿಂದ ಕುರ್ಚಿಗೆ ಐದು ಹೆಜ್ಜೆ ನಡೆದೆ. ನನಗೆ ನಾನೇ ಉಪಚಾರ ಮಾಡಿಕೊಂಡು ಕೂತೆ. ನಗು ಬಂತು. ಲೋಟ ಅಷ್ಟಗಲದ ಟ್ರೇಯಲ್ಲಿ ಆ ಕಡೆಗೂ ಈ ಕಡೆಗೂ ಜಾರುತ್ತಿತ್ತು.

ಚೀಟಿ ಬರೆಯಲು ಇಷ್ಟು ದಿನ ಹಿಡಿಯಿತು. ನಿನ್ನೆ ಬರೆದೆ. ನಿಮ್ಮ ಹಾಗೆ ದುಂಡಗೆ ಬಂದಿಲ್ಲ. ಹೀಗಿದೆ:

"ಮೊದಲು: ಶಾಲೆಯ ಬೆಂಚು. ಆಮೇಲೆ: ಇಲಿಮರಿಯ ಮಂಚ, ಹದಿಮೂರು ತಿಂಗಳು. ಮಂಚ ಮಾಡಿದವರೂ ಟ್ರೇ ಮಾಡಿದವರೂ ಅವಳ ತಾತ."

ಇನ್ನೊಂದು ಲೋಟ ಕೊಂಡಿದ್ದೇನೆ. ಎರಡನ್ನೂ ಇಟ್ಟು ನೋಡಿದೆ, ಜಾರುವುದಿಲ್ಲ. ಕುರ್ಚಿ ಶನಿವಾರ ಬರುತ್ತದೆ. ನೀವು ಅದರ ಮರುದಿನ ಬನ್ನಿ. ಮಕ್ಕಳೆಷ್ಟು ಎಂದು ನೀವಂತೂ ಕೇಳುವುದಿಲ್ಲ. ಬೇರೆ ಯಾರಾದರೂ ಕೇಳಿದರೆ ಒಬ್ಬಳು ಎನ್ನುತ್ತೇನೆ.

ಮೂರು ಮಹಡಿ ಹತ್ತಬೇಕು, ನಿಮ್ಮ ಮೊಣಕಾಲಿಗೆ ಕಷ್ಟ. ಆದರೆ ಹೆದರಬೇಡಿ, ಇಲ್ಲಿರುವುದು ನಿಜವಾದ ಮೆಟ್ಟಿಲ ಕಟಕಟೆ. ಹಿಡಿದುಕೊಂಡು ನಿಧಾನವಾಗಿ ಬನ್ನಿ.

ನಿಮ್ಮ,
ಸೊಸೆ